ಹೊಟ್ಟೆಯ ಬೊಜ್ಜು ಮತ್ತು ಹೆಂಗಸರ ಮೂತ್ರ ಸೋರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಯಾರೂ ನಾಲ್ಕು ಜನರ ಎದುರು ಕೇಳುವುದಿಲ್ಲ. ಮಂಡಿನೋವು, ಬಿಪಿ ಎಲ್ಲ ಮಾತಾಡಿ ಮುಗಿದ ಮೇಲೆ, ಎದ್ದು ಹೊರಡುವಾಗ, "ಇನ್ನೊಂದು ವಿಷಯ ಇತ್ತು" ಅಂತ ಶುರುವಾಗುತ್ತದೆ. ಪತ್ರ ಬರೆದವರೂ ಅಷ್ಟೇ, ಕೊನೆಯ ಸಾಲಿಗೆ ಇಟ್ಟಿರುತ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ. ನಿಮ್ಮ ಪ್ರಶ್ನೆ ಯಾವುದೋ ಅದನ್ನು ಓದಿದರೂ ಸಾಕು.

## ಮೊದಲು ತಿಳಿಯಬೇಕಾದ್ದು

ಕೆಮ್ಮಿದರೆ, ಜೋರಾಗಿ ನಕ್ಕರೆ ಒಂದೆರಡು ಹನಿ ಹೋಗುತ್ತದೆ. ಇದೂ ಒಂದು ಕಾಯಿಲೆಯಾ?

ಹೌದು, ಮತ್ತು ಇದು ಬಹಳ ಜನರಿಗೆ ಇದೆ. ನಾರ್ವೆಯಲ್ಲಿ ಸುಮಾರು 28 ಸಾವಿರ ಹೆಂಗಸರನ್ನು ಕೇಳಿ ನಡೆಸಿದ ಎಪಿನ್‌ಕಾಂಟ್ ಎಂಬ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರು ಮೂತ್ರ ಸೋರುತ್ತದೆ ಎಂದಿದ್ದರು. ಎಲ್ಲರಿಗೂ ಆಗುತ್ತದೆ ಅನ್ನುವುದು ಸಮಾಧಾನದ ಮಾತು, ಸರಿ. ಆದರೆ ಅದನ್ನೇ ಹೇಳಿಕೊಂಡು ಹತ್ತು ವರ್ಷ ಪ್ಯಾಡ್ ಇಟ್ಟುಕೊಂಡು ಓಡಾಡುವ ಅಗತ್ಯವಿಲ್ಲ.

ನಿಮ್ಮದು ಯಾವ ಬಗೆ ಅಂತ ಗುರುತಿಸಿಕೊಳ್ಳಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕೆಮ್ಮು, ಸೀನು, ನಗು, ಭಾರ ಎತ್ತುವುದು, ಕುರ್ಚಿಯಿಂದ ಏಳುವುದು, ಇಂಥ ಕ್ಷಣದಲ್ಲಿ ಸೋರಿದರೆ ಅದು ಒತ್ತಡದ ಸೋರಿಕೆ. ಇಲ್ಲಿ ಒತ್ತಡ ಅಂದರೆ ಮನಸ್ಸಿನ ಟೆನ್ಷನ್ ಅಲ್ಲ, ಹೊಟ್ಟೆಯೊಳಗಿನ ಒತ್ತಡ. ಇದ್ದಕ್ಕಿದ್ದ ಹಾಗೆ ತಡೆಯಲಾಗದ ಅವಸರ ಬಂದು, ಬಚ್ಚಲು ಸೇರುವ ಮೊದಲೇ ಹೋದರೆ ಅದು ಅವಸರದ ಸೋರಿಕೆ. ಎರಡೂ ಇದ್ದರೆ ಮಿಶ್ರ.

ಹೊಟ್ಟೆ ಬಂದಿದ್ದಕ್ಕೂ ಉಚ್ಚೆ ಸೋರುವುದಕ್ಕೂ ಏನು ಸಂಬಂಧ?

ಮೂತ್ರಕೋಶ ಇರುವುದು ಹೊಟ್ಟೆಯ ತಳದಲ್ಲಿ. ಅದರ ಕೆಳಗೆ ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಜೋಲಿಯ ಹಾಗೆ ಹರಡಿಕೊಂಡ ಸ್ನಾಯುಗಳಿವೆ. ಇವೇ ಪೆಲ್ವಿಕ್ ಫ್ಲೋರ್ ಸ್ನಾಯುಗಳು, ಇಲ್ಲಿ ತಳದ ಸ್ನಾಯು ಎಂದು ಕರೆಯುತ್ತೇನೆ. ಮೂತ್ರಕೋಶ, ಗರ್ಭಕೋಶ, ಮಲದ್ವಾರದ ಭಾಗವನ್ನೆಲ್ಲ ಹಿಡಿದಿರುವುದು ಇವೇ.

ಮೂತ್ರ ಒಳಗೇ ನಿಲ್ಲುವುದಕ್ಕೆ ಒಂದೇ ಲೆಕ್ಕ. ಮೂತ್ರಕೋಶದ ಒಳಗಿನ ಒತ್ತಡಕ್ಕಿಂತ ಮೂತ್ರನಾಳವನ್ನು ಮುಚ್ಚಿ ಹಿಡಿದ ಒತ್ತಡ ಜಾಸ್ತಿ ಇರಬೇಕು. ಹೊಟ್ಟೆಯಲ್ಲಿ ಕೊಬ್ಬು ತುಂಬಿದಾಗ, ನೀವು ಸುಮ್ನೆ ಕೂತಿದ್ದರೂ ಒಳಗಿನ ಒತ್ತಡ ಮೊದಲಿಗಿಂತ ಏರಿರುತ್ತದೆ. ಅಂದರೆ ಉಳಿತಾಯ ಆಗಲೇ ಖರ್ಚಾಗಿದೆ. ಅದರ ಮೇಲೆ ಒಂದು ಕೆಮ್ಮು ಬಂದರೆ ಲೆಕ್ಕ ತಪ್ಪುತ್ತದೆ, ಒಂದೆರಡು ಹನಿ ಹೊರಗೆ. ಇದು ದಿನದ ಒಂದು ಹೊತ್ತಿನ ಮಾತಲ್ಲ. ವರ್ಷಗಟ್ಟಲೆ ಹೊತ್ತ ಭಾರಕ್ಕೆ ತಳದ ಸ್ನಾಯುಗಳೂ ಅಲ್ಲಿನ ನರಗಳೂ ಹಿಗ್ಗಿ ದುರ್ಬಲವಾಗುತ್ತವೆ.

ಇನ್ನೊಂದು ದಾರಿಯೂ ಇದೆ. ಹೊಟ್ಟೆಯ ಒಳಗೆ, ಕರುಳಿನ ಸುತ್ತ ಕೂತ ಕೊಬ್ಬು ಬರೀ ಭಾರವಲ್ಲ. ಅದು ದೇಹದಲ್ಲಿ ಸಣ್ಣ ಮಟ್ಟದ ಉರಿಯೂತವನ್ನು ಉಳಿಸುತ್ತದೆ, ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಅಲ್ಲಿಂದ ಸಕ್ಕರೆ ಕಾಯಿಲೆ ಬಂದರೆ ಮೂತ್ರ ಜಾಸ್ತಿಯಾಗುತ್ತದೆ, ಕಾಲ ಕಳೆದಂತೆ ಮೂತ್ರಕೋಶದ ನರಗಳಿಗೂ ಪೆಟ್ಟು ಬೀಳುತ್ತದೆ.

ಕೈಕಾಲು ಸಣ್ಣಗಿದೆ, ತೂಕವೂ ಅಷ್ಟೇನಿಲ್ಲ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ನನಗೂ ಇದು ಅನ್ವಯಿಸುತ್ತಾ?

ನಿಮಗೇ ಹೆಚ್ಚು ಅನ್ವಯಿಸಬಹುದು. ಬಿಎಂಐ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುತ್ತದೆ, ಕೊಬ್ಬು ಎಲ್ಲಿ ಕೂತಿದೆ ಅಂತ ಹೇಳುವುದಿಲ್ಲ. ಅಮೆರಿಕದ ನರ್ಸ್‌ಗಳ ಆರೋಗ್ಯವನ್ನು ದಶಕಗಟ್ಟಲೆ ಹಿಂಬಾಲಿಸಿದ ನರ್ಸಸ್ ಹೆಲ್ತ್ ಸ್ಟಡಿಯಲ್ಲಿ ಬಿಎಂಐ ಮತ್ತು ಸೊಂಟದ ಸುತ್ತಳತೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದರು. ಒತ್ತಡದ ಸೋರಿಕೆಗೆ ನಂಟು ಕಂಡಿದ್ದು ಸುತ್ತಳತೆಯ ಜೊತೆ. ಅವಸರದ ಮತ್ತು ಮಿಶ್ರ ಸೋರಿಕೆಗೆ ನಂಟು ಕಂಡಿದ್ದು ಬಿಎಂಐ ಜೊತೆ. ಹಾಗಾಗಿ ತೂಕದ ಯಂತ್ರ ನೋಡಿ "ನಾನು ದಪ್ಪ ಇಲ್ಲವಲ್ಲ" ಅಂದುಕೊಂಡರೆ ಪೂರ್ತಿ ವಿಷಯ ಸಿಗುವುದಿಲ್ಲ.

ಹೊಟ್ಟೆ ಜಾಸ್ತಿ ಇದೆಯೋ ಇಲ್ಲವೋ ಹೇಗೆ ತಿಳಿಯುವುದು? ಬಟ್ಟೆಯ ಸೈಜ್ ನೋಡಿದರೆ ಸಾಕಾ?

ಸಾಲದು. ಬಟ್ಟೆಯನ್ನು ಹೊಟ್ಟೆಯ ಕೆಳಗೆ ಇಳಿಸಿಕೊಂಡು ಹಳೇ ಸೈಜಿನಲ್ಲೇ ವರ್ಷಗಟ್ಟಲೆ ದೂಡಬಹುದು. ಟೇಪ್ ಹಿಡಿಯಿರಿ.

ಪಕ್ಕದಲ್ಲಿ ಬೆರಳಿಟ್ಟು ಕೊನೆಯ ಪಕ್ಕೆಲುಬಿನ ಕೆಳತುದಿ ಹುಡುಕಿ. ಹಾಗೇ ಕೆಳಗೆ ಬಂದು ಸೊಂಟದ ಮೂಳೆಯ ಮೇಲಂಚು ಹುಡುಕಿ. ಎರಡರ ನಟ್ಟನಡುವೆ ಟೇಪ್ ಸುತ್ತಬೇಕು, ಬಟ್ಟೆಯ ಮೇಲಲ್ಲ, ಮೈಮೇಲೆ. ಬೆನ್ನ ಹಿಂದೆ ಟೇಪ್ ಕೆಳಗೆ ಜಾರಿರುತ್ತದೆ, ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಉಸಿರನ್ನು ಸಹಜವಾಗಿ ಬಿಟ್ಟು ಆಗ ಅಳತೆ ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಎಲ್ಲರೂ ಎಳೆದುಕೊಳ್ಳುತ್ತಾರೆ!

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ, 88 ದಾಟಿದರೆ ಗಂಭೀರ. ಇದು ಸಕ್ಕರೆ, ಹೃದಯದ ಕಾಯಿಲೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಗಡಿ. 81 ಆದ ದಿನ ಸೋರಿಕೆ ಶುರುವಾಗುತ್ತದೆ ಅಂತಲ್ಲ. ಇನ್ನೂ ಸುಲಭ ಬೇಕಾ? ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. 156 ಸೆಂಟಿಮೀಟರ್ ಎತ್ತರದವರಿಗೆ 78.

ನನ್ನ ತಂಗಿ ನನಗಿಂತ ದಪ್ಪ, ಅವಳಿಗೆ ಏನೂ ಇಲ್ಲ. ನನಗೇ ಯಾಕೆ?

ಹೊಟ್ಟೆ ಒಂದು ಕಾರಣ, ಏಕೈಕ ಕಾರಣವಲ್ಲ. ಹೆರಿಗೆ, ವಯಸ್ಸು, ಹುಟ್ಟಿನಿಂದ ಬಂದ ಸ್ನಾಯುವಿನ ಗಟ್ಟಿತನ, ಹಳೆಯ ಕೆಮ್ಮು, ಸಿಗರೇಟು, ಮಲಬದ್ಧತೆಗೆ ದಿನಾ ತಿಣುಕುವುದು, ಎಲ್ಲವೂ ಸೇರಿಕೊಳ್ಳುತ್ತವೆ. ತೆಳ್ಳಗಿರುವ ಆಟಗಾರ್ತಿಯರಿಗೂ ಹಾರುವಾಗ, ಓಡುವಾಗ ಸೋರುತ್ತದೆ.

ನನಗೆ ಸಿಸೇರಿಯನ್ ಆಗಿತ್ತು. ಹಾಗಾದರೆ ಹೆರಿಗೆ ಕಾರಣ ಅಲ್ಲ ಅಲ್ವಾ?

ಅಷ್ಟು ನೇರವಾಗಿಲ್ಲ. ಎಪಿನ್‌ಕಾಂಟ್ ಸಮೀಕ್ಷೆಯ ಅಂಕಿಗಳಲ್ಲೇ, 65 ವರ್ಷದೊಳಗಿನವರಲ್ಲಿ, ಹೆರಿಗೆಯೇ ಆಗದವರಲ್ಲಿ ಸುಮಾರು 10%, ಬರೀ ಸಿಸೇರಿಯನ್ ಆದವರಲ್ಲಿ ಸುಮಾರು 16%, ಸಹಜ ಹೆರಿಗೆಯಾದವರಲ್ಲಿ 21% ಜನರಿಗೆ ಸೋರಿಕೆ ಇತ್ತು. ಸಿಸೇರಿಯನ್ ಸ್ವಲ್ಪ ಕಾಪಾಡುತ್ತದೆ. ಆದರೆ ಒಂಬತ್ತು ತಿಂಗಳು ಹೊತ್ತ ಭಾರ ಇದ್ದೇ ಇದೆ.

## ತೂಕ ಇಳಿಸುವ ಮಾತು

ಎಷ್ಟು ಇಳಿಸಿದರೆ ನಿಲ್ಲುತ್ತದೆ? 25 ಕೆಜಿ ಇಳಿಸು ಅಂದರೆ ನನ್ನ ಕೈಲಿ ಆಗಲ್ಲ.

ಅಷ್ಟು ಬೇಕಿಲ್ಲ. ಈ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವ ಅಧ್ಯಯನ ಒಂದಿದೆ. ಅಮೆರಿಕದಲ್ಲಿ ನಡೆದ ಪ್ರೈಡ್ ಎಂಬ ಪ್ರಯೋಗ, ಪ್ರಕಟವಾಗಿದ್ದು 2009ರಲ್ಲಿ. ತೂಕ ಹೆಚ್ಚಿದ್ದ, ವಾರಕ್ಕೆ ಕನಿಷ್ಠ 10 ಸಲ ಸೋರಿಕೆ ಇದ್ದ 338 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳು ಆಹಾರ, ವ್ಯಾಯಾಮದ ಗಟ್ಟಿ ಕಾರ್ಯಕ್ರಮ. ಇನ್ನೊಂದಕ್ಕೆ ಬರೀ ಮಾಹಿತಿಯ ತರಗತಿ. ಮೊದಲ ಗುಂಪಿನವರು ಸರಾಸರಿ 8% ತೂಕ ಇಳಿಸಿದರು, ಅವರ ಸೋರಿಕೆ ವಾರಕ್ಕೆ 47% ಕಡಿಮೆಯಾಯಿತು. ಎರಡನೆಯ ಗುಂಪಿನಲ್ಲಿ ತೂಕ 1.6% ಇಳಿಯಿತು, ಸೋರಿಕೆ 28% ಕಡಿಮೆಯಾಯಿತು.

80 ಕೆಜಿ ಇರುವವರಿಗೆ 8% ಅಂದರೆ ಆರು ಕೆಜಿ ಚಿಲ್ಲರೆ. ತೆಳ್ಳಗಾಗುವುದು ಗುರಿಯಲ್ಲ, ಮೂತ್ರಕೋಶದ ಮೇಲಿನ ಭಾರ ಸ್ವಲ್ಪ ಇಳಿಸುವುದು ಗುರಿ.

ಎರಡು ಮಾತು ಮುಚ್ಚಿಡದೆ ಹೇಳಬೇಕು. ಸರಾಸರಿ ಅರ್ಧದಷ್ಟು ಕಡಿಮೆಯಾಯಿತು, ಎಲ್ಲರಿಗೂ ಪೂರ್ತಿ ನಿಲ್ಲಲಿಲ್ಲ. ಮತ್ತು ಸ್ಪಷ್ಟ ಲಾಭ ಕಂಡಿದ್ದು ಒತ್ತಡದ ಸೋರಿಕೆಯಲ್ಲಿ. ಅವಸರದ ಸೋರಿಕೆಯಲ್ಲಿ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಅಷ್ಟು ಖಚಿತವಾಗಿರಲಿಲ್ಲ.

ನಡೆದರೆ ಸೋರುತ್ತದೆ, ನಡೆಯದಿದ್ದರೆ ತೂಕ ಇಳಿಯಲ್ಲ. ನಾನೇನು ಮಾಡಲಿ?

ಇಡೀ ಪಟ್ಟಿಯಲ್ಲಿ ಇದೇ ಸರಿಯಾದ ಪ್ರಶ್ನೆ ಅನ್ನಿಸುತ್ತದೆ ನನಗೆ. "ತೂಕ ಇಳಿಸಿ, ಸರಿಹೋಗುತ್ತದೆ" ಅಂತ ಹೇಳಿ ಕಳಿಸುವವರು ಇದನ್ನು ಯೋಚಿಸಿಯೇ ಇರುವುದಿಲ್ಲ. ಸೋರಿಕೆ ಇರುವ ಹೆಂಗಸು ಮೊದಲು ಬಿಡುವುದು ಓಟ, ಆಮೇಲೆ ಗುಂಪಿನ ವ್ಯಾಯಾಮ, ಆಮೇಲೆ ವಾಕಿಂಗ್. ಹತ್ತಿರ ಬಚ್ಚಲು ಇಲ್ಲದ ಕಡೆ ಹೋಗುವುದನ್ನೇ ನಿಲ್ಲಿಸುತ್ತಾಳೆ. ಓಡಾಟ ನಿಂತರೆ ಹೊಟ್ಟೆ ಇನ್ನಷ್ಟು ಬರುತ್ತದೆ.

ಅದಕ್ಕೇ ಕ್ರಮ ಬದಲಿಸಿ. ತೂಕ ಇಳಿದ ಮೇಲೆ ಸೋರಿಕೆ ನೋಡೋಣ ಅಂತ ಕಾಯಬೇಡಿ. ತಳದ ಸ್ನಾಯುವಿನ ವ್ಯಾಯಾಮವನ್ನು ಇವತ್ತೇ ಶುರು ಮಾಡಿ, ಅದಕ್ಕೆ ನಡೆಯಬೇಕಿಲ್ಲ, ಬೆವರಬೇಕಿಲ್ಲ. ಹೊರಡುವ ಮೊದಲು ಮೂತ್ರ ಮಾಡಿ ಹೊರಡಿ. ಒಂದೇ ಉದ್ದನೆಯ ನಡಿಗೆಯ ಬದಲು ಹತ್ತು ಹತ್ತು ನಿಮಿಷದ ಮೂರು ಸುತ್ತು ಮಾಡಿ. ಹಾರುವ, ಕುಪ್ಪಳಿಸುವ ವ್ಯಾಯಾಮ ಸದ್ಯಕ್ಕೆ ಬೇಡ. ಸೈಕಲ್, ಈಜು ಇದ್ದರೆ ಒಳ್ಳೆಯದು. ಪ್ಯಾಡ್ ಇಟ್ಟುಕೊಂಡು ನಡೆಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೂತ್ರಕ್ಕೆಂದೇ ಮಾಡಿದ ಪ್ಯಾಡ್ ಬಳಸಿ. ಮುಟ್ಟಿನ ಪ್ಯಾಡ್ ಮೂತ್ರವನ್ನು ಅಷ್ಟು ಬೇಗ ಹೀರುವುದಿಲ್ಲ, ಚರ್ಮ ಕೆರೆಯುತ್ತದೆ.

ಹೊಟ್ಟೆ ಮಾತ್ರ ಕರಗಿಸುವ ವ್ಯಾಯಾಮ ಇದೆಯಾ? ಬೆಲ್ಟ್ ಕಟ್ಟಿಕೊಂಡರೆ?

ಇಲ್ಲ. ಹೊಟ್ಟೆಯ ವ್ಯಾಯಾಮ ಹೊಟ್ಟೆಯ ಸ್ನಾಯುವನ್ನು ಗಟ್ಟಿ ಮಾಡುತ್ತದೆ, ಅಲ್ಲಿನ ಕೊಬ್ಬನ್ನು ಹುಡುಕಿ ಕರಗಿಸುವುದಿಲ್ಲ. ಒಳ್ಳೆಯ ಸುದ್ದಿ ಅಂದರೆ, ಒಟ್ಟು ತೂಕ ಇಳಿಯಲು ಶುರುವಾದಾಗ ಕರುಳಿನ ಸುತ್ತಲಿನ ಕೊಬ್ಬು ಚೆನ್ನಾಗಿಯೇ ಕರಗುತ್ತದೆ.

ಬಿಗಿ ಬೆಲ್ಟ್ ಕಟ್ಟಿದರೆ ಹೊಟ್ಟೆ ಮಾಯವಾಗುವುದಿಲ್ಲ, ಆ ಒತ್ತಡ ಕೆಳಗೆ ಹೋಗುತ್ತದೆ. ಕೆಳಗಿರುವುದು ನಿಮ್ಮ ಮೂತ್ರಕೋಶ. ಇನ್ನು ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಆಪರೇಷನ್ ತೆಗೆಯುವುದು ಚರ್ಮದಡಿಯ ಕೊಬ್ಬನ್ನು. ಒಳಗಿನದು ಅಲ್ಲೇ ಇರುತ್ತದೆ.

ನೀರು ಕಡಿಮೆ ಕುಡಿದರೆ ಸೋರುವುದೂ ಕಡಿಮೆ ಅಲ್ವಾ?

ತೀರಾ ಕಡಿಮೆ ಮಾಡಿದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲವೂ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹೆಚ್ಚಿನವರಿಗೆ ಸರಿ. ಮೂರು ನಾಲ್ಕು ಲೀಟರ್ ಕುಡಿಯುವ ಚಟ ಇದ್ದರೆ ಅದನ್ನು ಇಳಿಸಿ. ಕಾಫಿ, ಟೀ ಕಡಿಮೆ ಮಾಡಿ ನೋಡಿ, ಅವಸರ ಇರುವವರಿಗೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಹೃದಯ, ಕಿಡ್ನಿ ತೊಂದರೆ ಇರುವವರು ಡಾಕ್ಟರ್ ಹೇಳಿದ ಅಳತೆಯನ್ನೇ ಪಾಲಿಸಬೇಕು.

## ಸ್ನಾಯು, ನಿದ್ದೆ, ಮಾತ್ರೆ

ಕೆಗೆಲ್ ಮಾಡಿ ಅಂತಾರೆ. ನಾನು ಮಾಡುತ್ತಿರುವುದು ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತದೆ?

ಕೆಗೆಲ್ ಅಂದರೆ ಮೇಲೆ ಹೇಳಿದ ತಳದ ಸ್ನಾಯುವಿನ ವ್ಯಾಯಾಮವೇ. ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು, ಹೆಸರು ಹಾಗೇ ಉಳಿಯಿತು. ತುಂಬಾ ಜನ ಉಲ್ಟಾ ಮಾಡುತ್ತಾರೆ. ಒಳಗೆ ಎತ್ತುವ ಬದಲು ಕೆಳಗೆ ತಿಣುಕುತ್ತಾರೆ.

ಹೀಗೆ ಮಾಡಿ ನೋಡಿ. ಮಲಗಿ, ಮಂಡಿ ಮಡಚಿ. ಗಾಳಿ ಹೋಗದಂತೆ ಹಿಂದೆ ಬಿಗಿ ಹಿಡಿಯಿರಿ, ಹಾಗೇ ಮುಂದೆ ಮೂತ್ರ ತಡೆದಂತೆ ಒಳಗೆ, ಮೇಲಕ್ಕೆ ಎಳೆಯಿರಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಹೊಟ್ಟೆ ಉಬ್ಬಿದರೆ, ಉಸಿರು ಕಟ್ಟಿದರೆ, ಪೃಷ್ಠ ಬಿಗಿಯಾದರೆ, ತೊಡೆ ಒತ್ತಿಕೊಂಡರೆ ನೀವು ಬೇರೆ ಸ್ನಾಯು ಬಳಸುತ್ತಿದ್ದೀರಿ. ಸರಿಯಾಗಿ ಮಾಡಿದಾಗ ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಬಿಡುವುದೂ ಮುಖ್ಯ. ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ.

ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗದರ್ಶಿ ಹೇಳುವುದು ಇಷ್ಟನ್ನು. ಮೂತ್ರ ಮಾಡುತ್ತಾ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ. ಸಂಶಯ ಇದ್ದರೆ ಈ ವಿಷಯ ಬಲ್ಲ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ತಪ್ಪಾಗಿ ಮೂರು ತಿಂಗಳು ಮಾಡಿ "ಇದರಿಂದ ಏನೂ ಆಗಲ್ಲ" ಅನ್ನುವುದಕ್ಕಿಂತ ಅದು ವಾಸಿ.

ಇದರಲ್ಲೇ ಒಂದು ಚಿಕ್ಕ ಉಪಾಯ ಇದೆ, ಬೇಗ ಫಲ ಕೊಡುತ್ತದೆ. ಸೀನು ಬರುವ ಸೂಚನೆ ಸಿಕ್ಕಿದ ಕೂಡಲೇ, ಸೀನುವ ಮುಂಚೆ, ತಳದ ಸ್ನಾಯುವನ್ನು ಎತ್ತಿ ಹಿಡಿಯಿರಿ. ಸೀನು ಮುಗಿದ ಮೇಲೆ ಬಿಡಿ. ಕುರ್ಚಿಯಿಂದ ಏಳುವ ಮುಂಚೆ, ಮಗುವನ್ನು ಎತ್ತುವ ಮುಂಚೆ, ಚೀಲ ಎತ್ತುವ ಮುಂಚೆ ಹೀಗೇ.

ಬಾಗಿಲ ಬೀಗ ತೆಗೆಯುವಷ್ಟರಲ್ಲಿ ಹೋಗಿಬಿಡುತ್ತದೆ. ಇದಕ್ಕೂ ಹೊಟ್ಟೆಯೇ ಕಾರಣವಾ?

ಪೂರ್ತಿ ಅಲ್ಲ. ಇಲ್ಲಿ ಮೂತ್ರಕೋಶದ ಸ್ನಾಯು ಕೇಳದೆ ಹಿಂಡುತ್ತಿದೆ. ಮೊದಲು ಮೂತ್ರದ ಸೋಂಕು ಮತ್ತು ಸಕ್ಕರೆ ಎರಡನ್ನೂ ಪರೀಕ್ಷಿಸಿ. ಅವು ಇಲ್ಲ ಅಂದರೆ ಮೂತ್ರಕೋಶಕ್ಕೆ ತರಬೇತಿ. ಗಂಟೆಗೊಮ್ಮೆ ಹೋಗುವವರು ಅದನ್ನು ಒಂದೂಕಾಲು ಗಂಟೆಗೆ, ಆಮೇಲೆ ಒಂದೂವರೆಗೆ ಹೀಗೆ ಎಳೆಯುತ್ತಾ ಹೋಗಬೇಕು. ಅವಸರ ಬಂದಾಗ ಓಡಬೇಡಿ. ನಿಂತಲ್ಲೇ ನಿಂತು ತಳದ ಸ್ನಾಯುವನ್ನು ಐದಾರು ಸಲ ಬಿಗಿ ಹಿಡಿದು ಬಿಡಿ, ಅಲೆ ಇಳಿಯುತ್ತದೆ, ಆಮೇಲೆ ನಡೆದು ಹೋಗಿ. ಕನಿಷ್ಠ ಆರು ವಾರ ಬೇಕು.

ಸಾಲದಿದ್ದರೆ ಮಾತ್ರೆಗಳಿವೆ. ಹಳೆಯ ಬಗೆಯವು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ವಯಸ್ಸಾದವರಲ್ಲಿ ಮರೆವು, ಗೊಂದಲ ತರಬಹುದು. ಮಿರಾಬೆಗ್ರಾನ್ ಬೇರೆ ಬಗೆಯದು, ಅದರ ಜೊತೆ ಬಿಪಿ ನೋಡಿಕೊಳ್ಳುತ್ತಿರಬೇಕು. ಒತ್ತಡದ ಸೋರಿಕೆಗೆ ಈ ಮಾತ್ರೆಗಳು ಕೆಲಸ ಮಾಡುವುದಿಲ್ಲ.

ರಾತ್ರಿ ನಾಲ್ಕು ಸಲ ಏಳುತ್ತೇನೆ. ಗೊರಕೆಯೂ ಜಾಸ್ತಿ ಅಂತ ಮನೆಯವರು ಹೇಳುತ್ತಾರೆ. ಸಂಬಂಧ ಇದೆಯಾ?

ಇರಬಹುದು. ಹೊಟ್ಟೆ, ಕುತ್ತಿಗೆಯಲ್ಲಿ ಕೊಬ್ಬು ಇರುವವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯ ಬರುವುದು ಹೆಚ್ಚು. ಉಸಿರು ಕಟ್ಟಿದಾಗ ಹೃದಯದಿಂದ ಒಂದು ಹಾರ್ಮೋನ್ ಬಿಡುಗಡೆಯಾಗಿ ಕಿಡ್ನಿ ಹೆಚ್ಚು ಮೂತ್ರ ಮಾಡುತ್ತದೆ. ಇಂಥವರಿಗೆ ಮೂತ್ರಕೋಶದ ಮಾತ್ರೆಗಿಂತ ನಿದ್ದೆಯ ಚಿಕಿತ್ಸೆ ಫಲ ಕೊಡಬಹುದು. ಸಂಜೆ ಹೊತ್ತಿಗೆ ಕಾಲು ಊದುವವರಿಗೂ ಮಲಗಿದಾಗ ಆ ನೀರು ಮೂತ್ರವಾಗಿ ಬರುತ್ತದೆ.

ಮುಟ್ಟು ನಿಂತ ಮೇಲೆ ಹೊಟ್ಟೆಯೂ ಬಂತು, ಸೋರಿಕೆಯೂ ಬಂತು. ಹಾರ್ಮೋನ್ ತಗೊಂಡರೆ ಎರಡೂ ಹೋಗುತ್ತಾ?

ಮುಟ್ಟು ನಿಂತ ಮೇಲೆ ಕೊಬ್ಬು ತೊಡೆ, ಪೃಷ್ಠ ಬಿಟ್ಟು ಹೊಟ್ಟೆಗೆ ಬಂದು ಕೂರುತ್ತದೆ, ನಿಜ. ಆದರೆ ಸೋರಿಕೆಗೆಂದು ಹಾರ್ಮೋನ್ ಮಾತ್ರೆ ನುಂಗಬೇಡಿ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗದಲ್ಲಿ ಈಸ್ಟ್ರೊಜನ್ ಮಾತ್ರೆ ತಗೊಂಡವರಲ್ಲಿ ಸೋರಿಕೆ ಜಾಸ್ತಿಯಾಗಿತ್ತು. 2005ರಲ್ಲೇ ಇದು ಪ್ರಕಟವಾಗಿದೆ. ಯೋನಿಯೊಳಗೆ ಹಚ್ಚುವ ಈಸ್ಟ್ರೊಜನ್ ಕ್ರೀಮಿನ ಮಾತು ಬೇರೆ. ಒಣಗುವಿಕೆ, ಉರಿ, ಅವಸರ ಇದ್ದವರಿಗೆ ಅದು ಅನುಕೂಲ ಮಾಡಬಹುದು.

## ಇನ್ನೂ ಮುಂದೆ

ಡಾಕ್ಟರ್ ಹತ್ತಿರ ಏನಂತ ಹೇಳಲಿ? ಹೋದ ಸಲ ಬರೀ "ತೂಕ ಇಳಿಸಿ" ಅಂದು ಕಳಿಸಿದರು.

ಕೈಯಲ್ಲಿ ಒಂದು ಹಾಳೆ ಹಿಡಿದು ಹೋಗಿ. ಮೂರು ದಿನದ ಲೆಕ್ಕ ಸಾಕು. "ಬೆಳಿಗ್ಗೆ 6.30, ಮೂತ್ರ 350 ಎಂಎಲ್. 8.15, ಕೆಮ್ಮಿದಾಗ ಸ್ವಲ್ಪ ಸೋರಿತು. 9, ಕಾಫಿ ಒಂದು ಲೋಟ. 9.40, ಅವಸರ, ಬಟ್ಟೆ ಒದ್ದೆ." ಅಳೆಯಲು ಗೆರೆ ಹಾಕಿದ ಹಳೇ ಪ್ಲಾಸ್ಟಿಕ್ ಜಗ್ ಒಂದನ್ನು ಬಚ್ಚಲಲ್ಲೇ ಇಟ್ಟುಕೊಳ್ಳಿ. ಬರೀ ಮಾತಿನಲ್ಲಿ "ಆಗಾಗ ಸೋರುತ್ತೆ" ಅಂದರೆ ಪಕ್ಕಕ್ಕೆ ಸರಿಸಬಹುದು, ಈ ಹಾಳೆಯನ್ನು ಸರಿಸುವುದು ಕಷ್ಟ. ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯೂ ಇರಲಿ. ಕೆಲವು ಬಿಪಿ ಮಾತ್ರೆಗಳು ಒಣಕೆಮ್ಮು ತರುತ್ತವೆ, ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಮಾಡುತ್ತವೆ.

"ತೂಕ ಇಳಿಸುತ್ತೇನೆ, ಅದರ ಜೊತೆಗೆ ಈಗ ಏನು ಮಾಡಬಹುದು?" ಅಂತ ನೇರವಾಗಿ ಕೇಳಿ. ತೂಕ ಇಳಿಯುವವರೆಗೂ ಬೇರೆ ಚಿಕಿತ್ಸೆ ಇಲ್ಲ ಅನ್ನುವುದು ಸರಿಯಲ್ಲ.

ಆಪರೇಷನ್ ಮಾಡಿಸಬೇಕು ಅಂದರೆ ಮೊದಲು ತೂಕ ಇಳಿಸಲೇಬೇಕಾ?

ಕಡ್ಡಾಯವಿಲ್ಲ, ಇಳಿಸಿದರೆ ಒಳ್ಳೆಯದು. ಒತ್ತಡದ ಸೋರಿಕೆಗೆ ಮೂತ್ರನಾಳದ ಕೆಳಗೆ ಪಟ್ಟಿ ಕೂರಿಸುವ ಸ್ಲಿಂಗ್ ಆಪರೇಷನ್ ತೂಕ ಹೆಚ್ಚಿರುವವರಿಗೂ ಕೆಲಸ ಮಾಡುತ್ತದೆ. ಫಲ ಸ್ವಲ್ಪ ಕಡಿಮೆ ಇರಬಹುದು, ಅರಿವಳಿಕೆ ಮತ್ತು ಗಾಯದ ತೊಂದರೆಗಳ ಸಾಧ್ಯತೆ ಹೆಚ್ಚು. ಪಟ್ಟಿಯಲ್ಲಿ ಎರಡು ಬಗೆ: ಪ್ಲಾಸ್ಟಿಕ್ ಜಾಲರಿಯದು ಮತ್ತು ನಿಮ್ಮ ದೇಹದಿಂದಲೇ ತೆಗೆದ ಅಂಗಾಂಶದ್ದು. ಜಾಲರಿಯಿಂದ ಕೆಲವರಿಗೆ ಬಹಳ ಕಾಲ ನೋವು ಉಳಿದ ದೂರುಗಳ ನಂತರ ಇಂಗ್ಲೆಂಡಿನಲ್ಲಿ 2018ರಲ್ಲಿ ಅದರ ಬಳಕೆಗೆ ತಡೆ ಹಾಕಿದರು. ಹಾಗಾಗಿ ಯಾವ ಬಗೆ, ಯಾಕೆ, ತೊಂದರೆಯಾದರೆ ತೆಗೆಯಲು ಆಗುತ್ತದಾ ಅಂತ ಕೇಳದೆ ಸಹಿ ಮಾಡಬೇಡಿ.

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡರೆ ಸೋರಿಕೆಯೂ ಹೋಗುತ್ತಾ?

ಬಹಳ ಜನರಿಗೆ ಹೋಗುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಆಪರೇಷನ್‌ಗೆ ಮುಂಚೆ 49% ಹೆಂಗಸರಿಗೆ ಸೋರಿಕೆ ಇತ್ತು. ಒಂದು ವರ್ಷದ ನಂತರ ಅದು 18%ಕ್ಕೆ ಇಳಿಯಿತು. ಮೂರು ವರ್ಷದ ಹೊತ್ತಿಗೆ ಮತ್ತೆ 25%ರ ಹತ್ತಿರ ಬಂತು. ಆದರೆ ಬರೀ ಸೋರಿಕೆಗೋಸ್ಕರ ಈ ಆಪರೇಷನ್ ಮಾಡಿಸುವುದಿಲ್ಲ. ತೀವ್ರ ಬೊಜ್ಜು, ಅದರ ಜೊತೆ ಬೇರೆ ಕಾಯಿಲೆ ಇದ್ದವರ ವಿಷಯ ಇದು.

ಯಾವ ಲಕ್ಷಣ ಕಂಡರೆ ಇದೆಲ್ಲ ಬಿಟ್ಟು ಸೀದಾ ಡಾಕ್ಟರ್ ಹತ್ತಿರ ಓಡಬೇಕು?

ಮೂತ್ರದಲ್ಲಿ ರಕ್ತ, ಉರಿಯ ಜೊತೆ ಜ್ವರ, ಯೋನಿಯಿಂದ ಗಡ್ಡೆಯ ಹಾಗೆ ಏನೋ ಹೊರಬರುವುದು, ಹಗಲೂ ರಾತ್ರಿಯೂ ಬಿಡದೆ ಸೋರುವುದು, ಹೊಟ್ಟೆ ಬೇಗ ಊದಿಕೊಳ್ಳುತ್ತಾ ಹೋಗುವುದು. ಕೊನೆಯದನ್ನು ಬೊಜ್ಜು ಅಂದುಕೊಂಡು ಬಿಡುವವರು ಇದ್ದಾರೆ. ಕೈಕಾಲು ಸಣ್ಣಗಾಗುತ್ತಾ ಹೊಟ್ಟೆ ಮಾತ್ರ ಕೆಲವೇ ವಾರಗಳಲ್ಲಿ ದೊಡ್ಡದಾದರೆ ಸ್ಕ್ಯಾನ್ ಮಾಡಿಸಲೇಬೇಕು, ಅಂಡಾಶಯದ ಗಡ್ಡೆಯೂ ಹಾಗೆ ಕಾಣಿಸಿಕೊಳ್ಳುತ್ತದೆ. ಕಾಲಿನಲ್ಲಿ ಬಲ ಇಲ್ಲದಾಗಿ, ಕೂರುವ ಜಾಗ ಜೋಮು ಹಿಡಿದು, ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ ಅದು ಬೆನ್ನುಹುರಿಯ ತಳದ ನರಗಳ ತುರ್ತು. ಬೆಳಗಾಗಲಿ ಅಂತ ಕಾಯಬೇಡಿ, ಆವತ್ತು ರಾತ್ರಿಯೇ ತುರ್ತು ವಿಭಾಗಕ್ಕೆ ಹೋಗಿ.